ಗೆಳತಿಯ ಕೇಕ್ ಅಂಗಡಿಗೆ ದುಡ್ಡು ಎಲ್ಲಿಂದ?

ಪ್ರಶ್ನೆ: ಮೇಡಂ, ನಾನು ಹಾಸನದವಳು, ಐದು ವರ್ಷದಿಂದ ಅಟ್ಲಾಂಟಾದಲ್ಲಿದ್ದೇನೆ. ಆಸ್ಪತ್ರೆಯೊಂದರ ಐಟಿ ವಿಭಾಗದಲ್ಲಿ ಕೆಲಸ, ಎಚ್-1ಬಿ ವೀಸಾ. ಅಲ್ಲೇ ಬಿಲ್ಲಿಂಗ್‌ನಲ್ಲಿರುವ ನನ್ನ ಗೆಳತಿಗಾಗಿ ಬರೆಯುತ್ತಿದ್ದೇನೆ. ಅವರು ಆಫ್ರಿಕನ್-ಅಮೆರಿಕನ್, ನಲವತ್ತೊಂದು ವರ್ಷ. ಅಜ್ಜಿಯಿಂದ ಕಲಿತ ಪೌಂಡ್ ಕೇಕ್ ಮನೆಯಲ್ಲೇ ಮಾಡಿ ಚರ್ಚಿನವರಿಗೆ, ಆಫೀಸಿನವರಿಗೆ 40 ಡಾಲರಿಗೊಂದರಂತೆ ಮಾರುತ್ತಾರೆ. ಕಳೆದ ವರ್ಷ 34,000 ಡಾಲರ್ ವ್ಯಾಪಾರವಾಗಿದೆ. ಕೆಲಸ ಬಿಟ್ಟು ಅಂಗಡಿ ಹಾಕೋಣವೆಂದು 60,000 ಸಾಲ ಕೇಳಿದರೆ ಬ್ಯಾಂಕಿನವರು ಎರಡು ವಾರ ಬಿಟ್ಟು ಫೋನಿನಲ್ಲಿ ‘ಸದ್ಯಕ್ಕೆ ಆಗಲ್ಲ’ ಅಂದರಂತೆ. ಬಾಡಿಗೆ ಮನೆ, ಕ್ರೆಡಿಟ್ ಸ್ಕೋರ್ 668, ಓದಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ನಮ್ಮ ಯಜಮಾನರ ಸ್ನೇಹಿತರು ‘ಕಪ್ಪು ಹೆಂಗಸರಿಗೆ ಸರ್ಕಾರವೇ ಪುಕ್ಕಟೆ ದುಡ್ಡು ಕೊಡುತ್ತೆ, ಹುಡುಕಬೇಕಷ್ಟೆ’ ಅನ್ನುತ್ತಾರೆ. ಹುಡುಕಿದಾಗ 399 ಡಾಲರ್ ಕಟ್ಟಿದರೆ 25,000ದ ಗ್ರಾಂಟ್ ಎಂಬ ಜಾಹೀರಾತು ಸಿಕ್ಕಿತು. ಇನ್ನೊಂದು ಕಂಪನಿ ಒಂದೇ ದಿನದಲ್ಲಿ 20,000 ಹಾಕುತ್ತೇವೆಂದು ದಿನಾ ಫೋನ್ ಮಾಡುತ್ತಿದೆ. ನನ್ನ ಹತ್ತಿರ 15,000 ಉಳಿತಾಯವಿದೆ. ಪಾಲುದಾರಳಾಗಲೇ, ಸಾಲ ಕೊಡಲೇ? ಶನಿವಾರ ಅಂಗಡಿಯಲ್ಲಿ ಕೂರುವುದಕ್ಕೂ ತಯಾರಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಮೊದಲು, ಆ 399 ಡಾಲರ್ ಕಟ್ಟಬೇಡಿ. ದಿನಾ ಫೋನ್ ಮಾಡುವವರ ನಂಬರನ್ನು ಗೆಳತಿ ಇವತ್ತೇ ಬ್ಲಾಕ್ ಮಾಡಲಿ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಜಾರ್ಜಿಯಾದಲ್ಲಿ ಹದಿನೇಳು ವರ್ಷ ಸಣ್ಣ ವ್ಯಾಪಾರಗಳ ಸಾಲದ ಅರ್ಜಿ ನೋಡಿದವಳು. ಆರು ವರ್ಷ ಬ್ಯಾಂಕಿನಲ್ಲಿ, ಆಮೇಲೆ ಲಾಭಕ್ಕಲ್ಲದ ಸಾಲ ಸಂಸ್ಥೆಯೊಂದರಲ್ಲಿ. ನಿಮ್ಮ ಗೆಳತಿಯಂಥವರು ನನ್ನ ಮೇಜಿನ ಎದುರು ನೂರಾರು ಜನ ಕೂತಿದ್ದಾರೆ. ಕೇಕ್ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಅಂಗಡಿ ಮುಚ್ಚಿದವರನ್ನು ನಾನು ಕಂಡಿಲ್ಲ.

ಪುಕ್ಕಟೆ ದುಡ್ಡಿನ ಮಾತು. ಫೆಡರಲ್ ಸರ್ಕಾರದ ಸಣ್ಣ ಉದ್ದಿಮೆ ಇಲಾಖೆ, ಅಂದರೆ ಎಸ್‌ಬಿಎ, ಅಂಗಡಿ ಶುರು ಮಾಡಲು ಯಾರಿಗೂ ಗ್ರಾಂಟ್ ಕೊಡುವುದಿಲ್ಲ. ಕಪ್ಪು ಹೆಂಗಸಿಗೂ ಇಲ್ಲ, ಬಿಳಿ ಗಂಡಸಿಗೂ ಇಲ್ಲ. ಬೇರೆಯವರು ಕೊಡುವ ಸಾಲಕ್ಕೆ ಅದು ಬೆನ್ನಿಗೆ ನಿಲ್ಲುತ್ತದೆ, ಸಲಹೆಗಾರರನ್ನು ಪುಕ್ಕಟೆ ಒದಗಿಸುತ್ತದೆ, ಸರ್ಕಾರಿ ಗುತ್ತಿಗೆಗೆ ಟೆಂಡರ್ ಹಾಕಲು ಅರ್ಹತಾಪತ್ರ ಕೊಡುತ್ತದೆ. ಆ ಅರ್ಹತಾಪತ್ರವನ್ನೇ ಜನ ‘ಕೋಟಾ’ ಅಂದುಕೊಳ್ಳುವುದು. ಅದರಲ್ಲಿ 8(ಎ) ಎಂಬ ಯೋಜನೆಯಿದೆ, ಹಿಂದುಳಿದವರ ಕಂಪನಿಗಳಿಗೆ ಕೆಲವು ಸರ್ಕಾರಿ ಗುತ್ತಿಗೆ ಮೀಸಲಿಡುವಂಥದು. ‘ಸಾಮಾಜಿಕವಾಗಿ ಹಿಂದುಳಿದವರು’ ಎಂದು ಪುರಾವೆ ಕೇಳದೆ ತಾನಾಗಿಯೇ ಒಪ್ಪಿಕೊಳ್ಳುತ್ತಿದ್ದ ಪಟ್ಟಿಯಲ್ಲಿ ಕಪ್ಪು ಜನರ ಜೊತೆಗೆ ಭಾರತ ಮೂಲದ ನಾವೂ ಇದ್ದೆವು! ಅದರ ಲಾಭ ಪಡೆದ ದೇಸಿ ಐಟಿ ಕಂಪನಿಗಳಿಗೇನೂ ಬರವಿಲ್ಲ. ನಿಮ್ಮ ಯಜಮಾನರ ಸ್ನೇಹಿತರಿಗೆ ಇದನ್ನು ಒಮ್ಮೆ ನೆನಪಿಸಿ. 2023ರ ಜುಲೈನಲ್ಲಿ ಟೆನ್ನೆಸ್ಸಿಯ ಫೆಡರಲ್ ನ್ಯಾಯಾಲಯವೊಂದು ಈ ತಾನಾಗಿ ಒಪ್ಪಿಕೊಳ್ಳುವ ಪದ್ಧತಿಯನ್ನೇ ತಡೆದ ಮೇಲೆ, ಅರ್ಜಿ ಹಾಕುವವರು ತಮಗಾದ ಅನ್ಯಾಯವನ್ನು ಒಬ್ಬೊಬ್ಬರಾಗಿ ಬರೆದು ತೋರಿಸಬೇಕಾಯಿತು. ಅದೇನಿದ್ದರೂ ಕೇಕ್ ಅಂಗಡಿಗೆ ಈಗ ಬೇಕಾಗಿರುವ ಕಾಗದವಲ್ಲ.

ಖಾಸಗಿ ಗ್ರಾಂಟುಗಳ ಕತೆ ನಿಮ್ಮ ಊರಿನದೇ. 2019ರಲ್ಲಿ ಅಟ್ಲಾಂಟಾದಲ್ಲಿ ಫಿಯರ್‌ಲೆಸ್ ಫಂಡ್ ಎಂಬ ಹೂಡಿಕೆ ಸಂಸ್ಥೆ ಶುರುವಾಯಿತು. ಏರಿಯನ್ ಸಿಮೋನ್ ಅದರ ಮುಂದಾಳು. ಕಪ್ಪು ಮಹಿಳೆಯರ ಸಣ್ಣ ವ್ಯಾಪಾರಗಳಿಗೆಂದೇ ಅವರು 20,000 ಡಾಲರಿನ ಗ್ರಾಂಟ್ ಸ್ಪರ್ಧೆ ನಡೆಸುತ್ತಿದ್ದರು. ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಬಾರದೆಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದ ಎಡ್ವರ್ಡ್ ಬ್ಲಮ್ ಅವರ ಬಳಗ 2023ರ ಆಗಸ್ಟ್‌ನಲ್ಲಿ ಇದರ ಮೇಲೂ ದಾವೆ ಹಾಕಿತು. ಅವರು ಹಿಡಿದ ಕಾನೂನು 1866ರ ನಾಗರಿಕ ಹಕ್ಕು ಕಾಯ್ದೆ. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಜನ ಬಿಳಿಯರಷ್ಟೇ ಹಕ್ಕಿನಿಂದ ಕರಾರು ಮಾಡಿಕೊಳ್ಳಲಿ ಎಂದು ಮಾಡಿದ ಕಾಯ್ದೆ ಅದು. ಗ್ರಾಂಟ್ ಕೂಡ ಒಂದು ಕರಾರು, ಅದರಿಂದ ಬೇರೆ ಜನಾಂಗದವರನ್ನು ಹೊರಗಿಡುವಂತಿಲ್ಲ ಎಂಬುದು ಅವರ ವಾದ. 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದದ ಕಡೆಗೇ ವಾಲಿತು, ಸೆಪ್ಟೆಂಬರಿನಲ್ಲಿ ರಾಜಿಯಾಗಿ ಸ್ಪರ್ಧೆ ಮುಚ್ಚಿತು. ಇದನ್ನು ನೋಡಿದ ಬೇರೆ ಕಂಪನಿಗಳ ವಕೀಲರೂ ಎಚ್ಚೆತ್ತು, ಎಷ್ಟೋ ಕಡೆ ‘ಕಪ್ಪು ಮಹಿಳೆಯರಿಗೆ’ ಎಂಬ ಮಾತು ‘ಬಂಡವಾಳದ ಕೊರತೆಯಿರುವ ಎಲ್ಲರಿಗೆ’ ಎಂದು ಬದಲಾಯಿತು. ಹಾಗಾಗಿ ನಾಲ್ಕೈದು ವರ್ಷದ ಹಿಂದಿನ ಗ್ರಾಂಟ್ ಪಟ್ಟಿ ಹಿಡಿದು ಕೂತರೆ ಸಂಜೆ ವ್ಯರ್ಥ.

ಗ್ರಾಂಟ್ ಇಲ್ಲವೇ ಇಲ್ಲವೆಂದಲ್ಲ. ಎಲ್ಲ ಮಹಿಳೆಯರಿಗೂ ತೆರೆದಿರುವ ಆಂಬರ್ ಗ್ರಾಂಟ್ ಥರದವು ತಿಂಗಳಿಗೆ ಇಂತಿಷ್ಟೆಂದು ಕೊಡುತ್ತವೆ, ಅರ್ಜಿಗೆ ಸಣ್ಣ ಶುಲ್ಕವಿರುತ್ತದೆ. ಹಾಕಲಿ, ಬಂದರೆ ಹಬ್ಬ. ಆದರೆ ಸಾವಿರಾರು ಅರ್ಜಿಯ ನಡುವಿನ ಲಾಟರಿ ಅದು, ಗೆದ್ದ ಹಣ ಆದಾಯವೆಂದು ತೆರಿಗೆಗೂ ಬೀಳುತ್ತದೆ. ಹದಿನೈದು ಡಾಲರಿನ ಅರ್ಜಿ ಶುಲ್ಕ ಬೇರೆ, ‘ನಿಮಗೆ ಮಂಜೂರಾಗಿದೆ, ಬಿಡುಗಡೆಗೆ 399 ಕಟ್ಟಿ’ ಅನ್ನುವುದು ಬೇರೆ. ಎರಡನೆಯದು ನೂರಕ್ಕೆ ನೂರು ಮೋಸ.

ಈಗ ಬ್ಯಾಂಕು ಯಾಕೆ ಕೊಡಲಿಲ್ಲ ಎನ್ನುವುದಕ್ಕೆ ಬರೋಣ. ಬಣ್ಣ ನೋಡಿಯೇ, ಸ್ಕೋರ್ ನೋಡಿಯೇ ಎಂದು ನಿಮ್ಮ ಮನಸ್ಸಿನಲ್ಲೂ ಇರಬಹುದು. ದೂರದಿಂದ ನಾನು ಹೇಳಲಾರೆ, ಆದರೆ ಬ್ಯಾಂಕು ಹೇಳಲೇಬೇಕು. 1974ರ ಸಮಾನ ಸಾಲಾವಕಾಶ ಕಾಯ್ದೆಯ ಪ್ರಕಾರ, ಇಷ್ಟು ಸಣ್ಣ ವ್ಯಾಪಾರದ ಪೂರ್ಣ ಅರ್ಜಿಗೆ ಮೂವತ್ತು ದಿನದೊಳಗೆ ತೀರ್ಮಾನ ತಿಳಿಸಬೇಕು, ಕೇಳಿದರೆ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕು. ಗೆಳತಿ ಒಂದು ಸಾಲಿನ ಇ-ಮೇಲ್ ಕಳಿಸಿ ಕೇಳಲಿ. ಜಗಳವಾಡಲು ಅಂತಲ್ಲ, ಆ ಕಾಗದದಲ್ಲಿರುವ ಎರಡು ಮೂರು ಕಾರಣಗಳೇ ಮುಂದಿನ ಅರ್ಜಿಗೆ ಪಾಠ. ಕಾರಣಗಳು ಅವರ ಲೆಕ್ಕಪತ್ರಕ್ಕೆ ಹೊಂದದಿದ್ದರೆ ದೂರು ಕೊಡುವ ದಾರಿಯೂ ಇದೆ.

ನನ್ನ ಅನುಭವದಲ್ಲಿ ಅವರ ಮುಖ್ಯ ತೊಡಕು ಬೇರೆಡೆ ಇದೆ. ನಮ್ಮ ಯಜಮಾನರು ಇಲ್ಲಿ ಕಂಪನಿ ಶುರು ಮಾಡಿದಾಗ ಮೊದಲ ಬಂಡವಾಳ ಬಂದಿದ್ದು ಬ್ಯಾಂಕಿನಿಂದಲ್ಲ. ಮಾವನವರು ಚಿಕ್ಕಮಗಳೂರಿನ ಒಂದು ಸೈಟು ಮಾರಿದರು, ನನ್ನ ಅಣ್ಣ ಚೀಟಿ ಎತ್ತಿದ ದುಡ್ಡು ಕಳಿಸಿದ. ಎರಡು ವರ್ಷ ಅದರಲ್ಲಿ ವ್ಯಾಪಾರ ತೋರಿಸಿದ ಮೇಲೆ ಬ್ಯಾಂಕಿನವರೇ ಮನೆಗೆ ಬಂದರು. ನಮ್ಮಲ್ಲಿ ಬಹಳ ಜನರ ಕತೆ ಇದೇ, ಹೇಳಿಕೊಳ್ಳುವಾಗ ಮಾತ್ರ ಮಾವನವರ ಸೈಟು ಮರೆತುಹೋಗುತ್ತದೆ. ನಿಮ್ಮ ಗೆಳತಿಯ ಕುಟುಂಬದಲ್ಲಿ ಆ ಸೈಟು ಇಲ್ಲ. ಇಲ್ಲದಿರುವುದಕ್ಕೆ ಚರಿತ್ರೆ ಇದೆ. 1930ರ ದಶಕದಲ್ಲಿ ಸರ್ಕಾರದ್ದೇ ಸಂಸ್ಥೆಯೊಂದು ಊರೂರಿನ ನಕ್ಷೆ ಮಾಡಿ ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿಯಿತು. ಸಾಲಕ್ಕೆ ಅಪಾಯದ ಜಾಗ ಅಂತ ಅದರ ಅರ್ಥ. ಮನೆಯ ವಿಷಯದಲ್ಲಿ ಜನಾಂಗಭೇದ ನಿಷೇಧಿಸಿದ 1968ರ ಕಾಯ್ದೆ ಬರುವವರೆಗೂ ಇಂಥ ಜಾಗದಲ್ಲಿ ಮನೆ ಸಾಲ ಸಿಗುವುದೇ ದುಸ್ತರ. ಮನೆಯಿಲ್ಲದ ಮೇಲೆ ಅಡಮಾನಕ್ಕೆ ಏನಿದೆ? ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಲ್ಲಿ ಬಿಳಿ ಕುಟುಂಬಗಳನ್ನು ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಕುಟುಂಬದ ಹತ್ತಿರ 2,85,000 ಡಾಲರ್. ಕಪ್ಪು ಕುಟುಂಬಗಳಲ್ಲಿ ಅದೇ ಜಾಗದಲ್ಲಿ ನಿಂತವರ ಹತ್ತಿರ 44,900. ಇದರ ಮೇಲೆ ಹೆಣ್ಣೆಂಬುದು ಬೇರೆ. 1988ರವರೆಗೆ ಈ ದೇಶದ ಕೆಲವು ರಾಜ್ಯಗಳಲ್ಲಿ ಹೆಂಗಸು ವ್ಯಾಪಾರಕ್ಕೆ ಸಾಲ ಕೇಳಿದರೆ ಗಂಡನೋ ಅಣ್ಣನೋ ಮಗನೋ ಸಹಿ ಹಾಕಬೇಕಿತ್ತು. ನಾನು ಹೈಸ್ಕೂಲಿನಲ್ಲಿದ್ದ ಕಾಲ ಅದು!

ಬ್ಯಾಂಕಿನ ಬಗ್ಗೆ ಅಪನಂಬಿಕೆಯೂ ಹಳೆಯದು. ಬಿಡುಗಡೆಯಾದ ಗುಲಾಮರಿಗೆಂದು 1865ರಲ್ಲಿ ಸಂಸತ್ತಿನ ಅನುಮತಿಯಲ್ಲೇ ತೆರೆದ ಫ್ರೀಡ್‌ಮನ್ಸ್ ಬ್ಯಾಂಕು 1874ರಲ್ಲಿ ಮುಳುಗಿತು, ಕೂಲಿ ಮಾಡಿ ಇಟ್ಟವರ ದುಡ್ಡೂ ಮುಳುಗಿತು. ಅದನ್ನು ಮೀರಿ, ಬಟ್ಟೆ ಒಗೆಯುವ ಹೆಂಗಸಿನ ಮಗಳಾದ ಮ್ಯಾಗಿ ಲೀನಾ ವಾಕರ್ 1903ರಲ್ಲಿ ವರ್ಜೀನಿಯಾದ ರಿಚ್ಮಂಡಿನಲ್ಲಿ ಪುಡಿಗಾಸು ಕೂಡಿಸುವ ಬ್ಯಾಂಕು ಕಟ್ಟಿದರು, ಹೆಸರೇ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್. ನಿಮ್ಮ ಅಟ್ಲಾಂಟಾದಲ್ಲೇ 1921ರ ಸಿಟಿಜನ್ಸ್ ಟ್ರಸ್ಟ್ ಬ್ಯಾಂಕ್ ಇವತ್ತಿಗೂ ನಡೆಯುತ್ತಿದೆ. ಆದರೂ ವಯಸ್ಸಾದ ಎಷ್ಟೋ ಜನ ಕೈಯಲ್ಲೇ ನಗದು ಇಟ್ಟುಕೊಳ್ಳುತ್ತಾರೆ, ನಗದಿನ ವ್ಯಾಪಾರ ಸಾಲ ಕೊಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ಒಮ್ಮೆ ನನ್ನ ಬಳಿ ಬಂದ ಹೆಂಗಸೊಬ್ಬರ ಕತೆ ಕೇಳಿ. ಮದುವೆ, ತಿಥಿ ಊಟ ಮಾಡಿಕೊಡುವವರು. ದುಡ್ಡೆಲ್ಲ ಕ್ಯಾಶ್ ಆ್ಯಪ್‌ನಲ್ಲಿ ಸ್ವಂತ ಖಾತೆಗೇ ಬಂದು ದಿನಸಿ, ಪೆಟ್ರೋಲು, ಮಗನ ಶೂ ಎಲ್ಲದರ ಜೊತೆ ಕಲಸಿಹೋಗಿತ್ತು. ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಅವರಿಗೆ ವ್ಯಾಪಾರವೇ ಇರಲಿಲ್ಲ. ಬೇಡವೆಂದು ಬರೆಯುವುದರಲ್ಲಿದ್ದೆ. ಆಗ ಕೈಚೀಲದಿಂದ ಎಣ್ಣೆ ಕಲೆಯ ಒಂದು ನೋಟ್‌ಬುಕ್ ತೆಗೆದರು. ಆರು ವರ್ಷದ ಒಂದೊಂದು ಊಟವೂ ಅದರಲ್ಲಿತ್ತು: ತಾರೀಕು, ಯಾರ ಮನೆ, ಎಷ್ಟು ತಟ್ಟೆ, ಕೋಳಿಗೆ ಎಷ್ಟಾಯಿತು, ಕೈಗೆ ಎಷ್ಟು ಬಂತು. ಎರಡು ಸಂಜೆ ಕೂತು ಅದನ್ನು ಖಾತೆಯ ಜಮೆಗಳಿಗೆ ಹೊಂದಿಸಿದೆವು. 12,000 ಕೊಟ್ಟೆವು, ಒಂದು ಕಂತೂ ತಪ್ಪಲಿಲ್ಲ. ಬ್ಯಾಂಕಿನ ಕೆಲಸದಲ್ಲೇ ಇದ್ದಿದ್ದರೆ ಆ ನೋಟ್‌ಬುಕ್ ನೋಡಲು ನನಗೆ ಪುರುಸೊತ್ತೂ ಇರುತ್ತಿರಲಿಲ್ಲ, ಅಧಿಕಾರವೂ ಇರುತ್ತಿರಲಿಲ್ಲ.

ಇದಕ್ಕೇ ನಾನು ಬ್ಯಾಂಕಿಗಿಂತ ಮೊದಲು ಸಮುದಾಯ ಸಾಲ ಸಂಸ್ಥೆಗಳಿಗೆ ಹೋಗಿ ಅನ್ನುವುದು. ಇಲ್ಲಿ ಅವನ್ನು ಸಿಡಿಎಫ್‌ಐ ಅನ್ನುತ್ತಾರೆ, 1994ರ ಕಾಯ್ದೆಯಿಂದ ಬೆಳೆದವು. ಜಾರ್ಜಿಯಾದಲ್ಲಿ ಏಸ್ ಎಂದು ಕರೆಯುವ ‘ಆಕ್ಸೆಸ್ ಟು ಕ್ಯಾಪಿಟಲ್ ಫಾರ್ ಆಂಟ್ರಪ್ರೆನರ್ಸ್’ ಇಂಥದ್ದೇ. ಎಸ್‌ಬಿಎಯ ಮೈಕ್ರೋಲೋನ್ ಕೂಡ ಇಂಥ ಲಾಭಕ್ಕಲ್ಲದ ಸಂಸ್ಥೆಗಳ ಕೈಯಿಂದಲೇ ಬರುತ್ತದೆ. ಹೆಚ್ಚೆಂದರೆ 50,000 ಡಾಲರ್, ಏಳು ವರ್ಷದವರೆಗೆ ಕಂತು, ಬಡ್ಡಿ ಸಾಮಾನ್ಯವಾಗಿ 8ರಿಂದ 13 ಪ್ರತಿಶತ. ಅಗ್ಗವಲ್ಲ. ಹಳೆ ಸಾಲ ತೀರಿಸಲು ಅದನ್ನು ಬಳಸುವಂತಿಲ್ಲ. ಸ್ವಂತ ಜಾಮೀನು ಬೇಕು, ವ್ಯಾಪಾರ ಬಿದ್ದರೆ ಅವರ ಸಂಬಳಕ್ಕೇ ಬರುತ್ತದೆ. ಆದರೆ 668 ಸ್ಕೋರ್ ನೋಡಿ ಬಾಗಿಲು ಹಾಕುವುದಿಲ್ಲ, ನೋಟ್‌ಬುಕ್ ಓದುತ್ತಾರೆ. ಈ ಸಂಸ್ಥೆಗಳಿಗೆ ಬರುವ ಫೆಡರಲ್ ಹಣಕ್ಕೇ 2025ರಿಂದ ಕತ್ತರಿ ಮಾತು ಕೇಳಿಬರುತ್ತಿರುವುದರಿಂದ ಅರ್ಜಿಯನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ.

ಇನ್ನೊಂದು ಕೀವಾ ಎಂಬ ಲಾಭಕ್ಕಲ್ಲದ ಜಾಲತಾಣ. ಬಡ್ಡಿಯೇ ಇಲ್ಲದ ಸಾಲ, 15,000 ಡಾಲರಿನವರೆಗೆ, ಮೂರು ವರ್ಷದವರೆಗೆ ಅವಧಿ. ಜಗತ್ತಿನ ಯಾರೋ ಇಪ್ಪತ್ತೈದು, ಐವತ್ತು ಡಾಲರ್ ಹಾಕಿ ತುಂಬಿಸುತ್ತಾರೆ. ಕ್ರೆಡಿಟ್ ಸ್ಕೋರಿಗೆ ಪಟ್ಟು ಹಿಡಿಯುವುದಿಲ್ಲ. ಒಂದೇ ಷರತ್ತು: ಮೊದಲ ಹದಿನೈದು ದಿನದಲ್ಲಿ ಪರಿಚಯದವರು ಇಷ್ಟು ಜನ ಹಾಕಿ ತೋರಿಸಬೇಕು, ಆಮೇಲೆಯೇ ಎಲ್ಲರಿಗೂ ತೆರೆಯುವುದು. ಚರ್ಚಿನ ಸಭೆಯಿರುವ ನಿಮ್ಮ ಗೆಳತಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ನೀವೂ ಅಲ್ಲಿ ಹಾಕಬಹುದು, ವೀಸಾ ತಲೆನೋವಿಲ್ಲದೆ.

ಚರ್ಚಿನ ಹೆಂಗಸರು ‘ಸೂಸೂ’ ಹಾಕುತ್ತಿರಬಹುದು, ಕೇಳಿ ನೋಡಿ. ಆಫ್ರಿಕಾದಿಂದ ಕೆರಿಬಿಯನ್ ದಾರಿಯಾಗಿ ಬಂದ ಪದ್ಧತಿ, ಥೇಟ್ ನಮ್ಮ ಚೀಟಿ. ಕಮಿಷನ್ ಹೊಡೆಯುವ ಚೀಟಿ ಮಾಲೀಕ ಮಾತ್ರ ಇಲ್ಲ. ಒಳ್ಳೆಯದೇ, ಆದರೆ ಎತ್ತಿದ ಮೊತ್ತ ಒಮ್ಮೆಲೇ ಖಾತೆಗೆ ಬಿದ್ದರೆ ಸಾಲ ಕೊಡುವವರು ‘ಇದೆಲ್ಲಿಂದ’ ಎನ್ನುತ್ತಾರೆ, ಬರೆದಿಟ್ಟುಕೊಳ್ಳಲಿ. ಕೊರೋನಾ ಕಾಲದಲ್ಲಿ ಇದೇ ಹೆಸರಿಟ್ಟುಕೊಂಡು ‘ನೂರು ಹಾಕಿದರೆ ಎಂಟುನೂರು’ ಎನ್ನುವ ಚೈನ್ ಆಟಗಳು ಫೋನಿನಲ್ಲಿ ಹರಿದಾಡಿದವು. ಮುಖ ಗೊತ್ತಿಲ್ಲದವರ ಸೂಸೂ ಸೂಸೂ ಅಲ್ಲ.

ಆ ಫೋನ್ ಕಂಪನಿ ಕೊಡುವುದು ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್. ನಮ್ಮ ಕಡೆ ಮೀಟರ್ ಬಡ್ಡಿ ಅನ್ನುತ್ತೇವಲ್ಲ, ಅದಕ್ಕೆ ಸೂಟು ಹಾಕಿದ ಹಾಗೆ. ‘1.35 ಫ್ಯಾಕ್ಟರ್’ ಅನ್ನುತ್ತಾರೆ, ಕೇಳಲು ಬಡ್ಡಿಯ ಹಾಗಿರುವುದಿಲ್ಲ. 20,000ಕ್ಕೆ 27,000 ವಾಪಸು, ಎಂಟು ತಿಂಗಳಲ್ಲಿ, ಪ್ರತಿ ಕೆಲಸದ ದಿನ ಖಾತೆಯಿಂದ ತಾವೇ ಎಳೆದುಕೊಳ್ಳುತ್ತಾರೆ. ವರ್ಷದ ಬಡ್ಡಿಗೆ ತಿರುಗಿಸಿದರೆ 80 ಪ್ರತಿಶತ ದಾಟುತ್ತದೆ. ಇದು ಸಾಲವಲ್ಲ, ನಿಮ್ಮ ಮುಂದಿನ ವ್ಯಾಪಾರವನ್ನು ಕೊಳ್ಳುವುದು ಎಂದು ಕಾಗದದಲ್ಲಿ ಬರೆದಿರುವುದರಿಂದ ಬಡ್ಡಿ ಮಿತಿಯ ಕಾನೂನಿನಿಂದಲೂ ಬಹಳಷ್ಟು ಕಡೆ ನುಣುಚಿಕೊಳ್ಳುತ್ತಾರೆ. ಒಂದನ್ನು ತೀರಿಸಲು ಇನ್ನೊಂದು ತೆಗೆದುಕೊಂಡು ನಾಲ್ಕು ಅಡ್ವಾನ್ಸಿನಲ್ಲಿ ಸಿಕ್ಕಿಬಿದ್ದ ಸಲೂನಿನವರೊಬ್ಬರು ನನ್ನೆದುರು ಕೂತು ಅತ್ತಿದ್ದಾರೆ. ಅವರ ಸಲೂನಿನಲ್ಲಿ ಕುರ್ಚಿ ಖಾಲಿ ಇದ್ದ ದಿನವೇ ಇರಲಿಲ್ಲ.

ಇನ್ನು 60,000ದ ಲೆಕ್ಕ. ಕೇಕಿನಲ್ಲೇ ಎಣಿಸೋಣ. ಬೆಣ್ಣೆ, ಮೊಟ್ಟೆ, ಡಬ್ಬ, ಅಡುಗೆಮನೆಯ ಬಾಡಿಗೆ ಎಲ್ಲ ಕಳೆದು 40ರ ಕೇಕಿನಲ್ಲಿ 14 ಡಾಲರ್ ಉಳಿಯುತ್ತದೆ ಅಂದುಕೊಳ್ಳಿ. 60,000ಕ್ಕೆ 11ರ ಬಡ್ಡಿಯಲ್ಲಿ ಏಳು ವರ್ಷದ ಕಂತು ತಿಂಗಳಿಗೆ ಸುಮಾರು 1,027, ಅಂದರೆ 73 ಕೇಕು. ಅವರು ಈಗ ತಿಂಗಳಿಗೆ ಮಾಡುತ್ತಿರುವುದೇ 71! ಸಂಬಳವನ್ನೂ ಬಿಟ್ಟು ಬಂದು, ಮಾಡಿದ್ದೆಲ್ಲ ಕಂತಿಗೆ ಹಾಕಿ, ಇನ್ನೂ ಎರಡು ಕೇಕು ಬಾಕಿ. ಬ್ಯಾಂಕಿನವರು ಈ ಲೆಕ್ಕ ಹಾಕಿಯೇ ಬೇಡವೆಂದಿದ್ದರೆ ಅವರನ್ನು ನಾನು ಬಯ್ಯಲಾರೆ. ಅದೇ 18,000 ಸಾಲ, ಐದು ವರ್ಷ ಎಂದರೆ ಕಂತು 391, ಇಪ್ಪತ್ತೆಂಟು ಕೇಕು.

18,000ದಲ್ಲಿ ಅಂಗಡಿ ಆಗುವುದಿಲ್ಲ, ನಿಜ. ಅಂಗಡಿ ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹಂಚಿಕೆಯ ಅಡುಗೆಮನೆಗಳು ಅಟ್ಲಾಂಟಾದಲ್ಲಿವೆ. ವಾರಕ್ಕೆ ಎರಡು ಸಂಜೆ ಹಿಡಿಯಲಿ, ಒಂದು ದೊಡ್ಡ ಮಿಕ್ಸರ್ ಕೊಳ್ಳಲಿ, ಕಾಫಿ ಅಂಗಡಿಗಳಿಗೆ ಸಗಟಿನಲ್ಲಿ ಕೊಡಲು ನೋಡಲಿ. ಆಸ್ಪತ್ರೆಯ ಕೆಲಸ ಬಿಡುವುದು ಬೇಡ. ಸಾಲ ಕೊಡುವವರು ಮೊದಲು ನೋಡುವುದೇ ಆ ಸಂಬಳದ ಚೀಟಿ, ಜೊತೆಗೆ ಆರೋಗ್ಯ ವಿಮೆ ಅದರಲ್ಲೇ ಇದೆ. ನಿವೃತ್ತಿ ಖಾತೆಯಿಂದ ಸಾಲ ತೆಗೆಯುವ ಯೋಚನೆಯಿದ್ದರೆ ಆಗಲೂ ಇದೇ ಮಾತು: ಕೆಲಸ ಬಿಟ್ಟೊಡನೆ ಆ ಬಾಕಿ ಕುತ್ತಿಗೆಗೆ ಬರುತ್ತದೆ, ಕಟ್ಟದಿದ್ದರೆ ತೆರಿಗೆ, ದಂಡ ಎರಡೂ.

ನಿಮ್ಮ 15,000. ಪಾಲುದಾರಿಕೆ ಖಂಡಿತ ಬೇಡ. ಎಸ್‌ಬಿಎಯ 2025ರ ನಿಯಮದಂತೆ ಅದರ ಸಾಲ ಬೇಕಾದರೆ ವ್ಯಾಪಾರದ ನೂರಕ್ಕೆ ನೂರು ಪಾಲು ಅರ್ಹರ ಕೈಯಲ್ಲೇ ಇರಬೇಕು, ಎಚ್-1ಬಿ ಮೇಲಿರುವವರು ಅದರಲ್ಲಿ ಬರುವುದಿಲ್ಲ. ನಿಮ್ಮ ಹೆಸರಿನಲ್ಲಿ ಒಂದು ಪ್ರತಿಶತ ಇದ್ದರೂ ಗೆಳತಿಗೆ ಆ ಬಾಗಿಲು ಮುಚ್ಚುತ್ತದೆ. ಸಹಾಯ ಮಾಡಲು ಹೋಗಿ ಅಡ್ಡಗಾಲು ಹಾಕಿದಂತಾಗುತ್ತದೆ. ಶನಿವಾರ ಅಂಗಡಿಯಲ್ಲಿ ಕೂರುವುದನ್ನೂ ಮರೆತುಬಿಡಿ. ಸಂಬಳ ತೆಗೆದುಕೊಳ್ಳದಿದ್ದರೂ ಲಾಭದ ವ್ಯಾಪಾರದಲ್ಲಿ ದುಡಿದರೆ ನಿಮ್ಮ ವೀಸಾಕ್ಕೆ ಕುತ್ತು, ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಿ.

ಸಾಲವಾಗಿ ಕೊಡಬಹುದು, ಕೈಗಡದ ಹಾಗಲ್ಲ. ಪ್ರಾಮಿಸರಿ ನೋಟ್ ಬರೆಸಿ, ಕಂತಿನ ತಾರೀಕು ಹಾಕಿ. 10,000 ದಾಟಿದ ಸಾಲಕ್ಕೆ ತೆರಿಗೆ ಇಲಾಖೆ ಪ್ರತಿ ತಿಂಗಳು ಪ್ರಕಟಿಸುವ ಕನಿಷ್ಠ ಬಡ್ಡಿಯನ್ನಾದರೂ ಹಾಕಬೇಕು. ಇಲ್ಲದಿದ್ದರೆ ಬರದ ಬಡ್ಡಿಗೆ ನೀವು ತೆರಿಗೆ ಕಟ್ಟುವ ಪರಿಸ್ಥಿತಿ ಬರಬಹುದು. ಏಸ್ ಥರದವರು ಸಾಲ ಕೊಡುವಾಗ ‘ನಮ್ಮದು ತೀರುವವರೆಗೆ ಗೆಳತಿಯದು ಹಿಂದೆ ನಿಲ್ಲಬೇಕು’ ಎಂದು ನಿಮ್ಮಿಂದ ಸಹಿ ಕೇಳಬಹುದು. ಕೇಳಿದರೆ ಗಾಬರಿಯಾಗಬೇಡಿ, ಆದರೆ ಆ ದುಡ್ಡು ವರ್ಷಗಟ್ಟಲೆ ವಾಪಸಾಗದಿದ್ದರೂ ನಡೆಯುತ್ತದೆಯೇ ಎಂದು ಯಜಮಾನರ ಜೊತೆ ಕೂತು ಮಾತಾಡಿ. ನನ್ನನ್ನು ಕೇಳಿದರೆ ಹದಿನೈದೂ ಬೇಡ, ಐದು ಕೊಡಿ. ನಮ್ಮಲ್ಲಿ ಮಾವನವರ ಸೈಟು ಮಾಡಿದ ಕೆಲಸವನ್ನೇ ಅದು ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ. ಸಾಲ ಸಂಸ್ಥೆಯ ಕಣ್ಣಿಗೆ ‘ಇವರ ಹಿಂದೆ ಯಾರೋ ಇದ್ದಾರೆ’ ಎಂದು ಕಂಡರೆ ಅರ್ಜಿಯ ತೂಕವೇ ಬೇರೆ.

ಈ ತಿಂಗಳಲ್ಲಿ ಗೆಳತಿ ಮಾಡಬೇಕಾದ್ದು ಇಷ್ಟು. ವ್ಯಾಪಾರಕ್ಕೇ ಬೇರೆ ಬ್ಯಾಂಕ್ ಖಾತೆ. ಅದಕ್ಕೆ ಬೇಕಾದ ಇಐಎನ್ ಎಂಬ ವ್ಯಾಪಾರದ ಗುರುತಿನ ಸಂಖ್ಯೆ ತೆರಿಗೆ ಇಲಾಖೆಯ ಸೈಟಿನಲ್ಲಿ ಪುಕ್ಕಟೆ, ದುಡ್ಡು ಕೇಳುವ ನಕಲಿ ಸೈಟುಗಳಿವೆ, ಜೋಕೆ. ಕಳೆದ ವರ್ಷದ 34,000 ತೆರಿಗೆ ರಿಟರ್ನಿನಲ್ಲಿ ತೋರಿಸಿದ್ದಾರೆಯೇ? ತೋರಿಸಿಲ್ಲವಾದರೆ ಮೊದಲು ಅದನ್ನು ಸರಿಪಡಿಸಬೇಕು, ತೋರಿಸದ ಆದಾಯದ ಮೇಲೆ ಯಾರೂ ಸಾಲ ಕೊಡುವುದಿಲ್ಲ. ಮನೆಯಲ್ಲಿ ಮಾಡಿ ಮಾರಲು ರಾಜ್ಯದ ಕೃಷಿ ಇಲಾಖೆಯ ನಿಯಮ ಪಾಲಿಸುತ್ತಿದ್ದಾರೆಯೇ ಎಂಬುದನ್ನೂ ಕೇಳುತ್ತಾರೆ. ಇದಕ್ಕೆಲ್ಲ ಜೊತೆಗೆ ಕೂರುವವರು ಬೇಕೆಂದರೆ ಸ್ಕೋರ್ (SCORE) ಎಂಬ ಸಲಹಾ ಸಂಸ್ಥೆಯ ನಿವೃತ್ತ ವ್ಯಾಪಾರಿಗಳು, ಜಾರ್ಜಿಯಾ ವಿಶ್ವವಿದ್ಯಾಲಯದ ಸಣ್ಣ ಉದ್ದಿಮೆ ಕೇಂದ್ರದವರು ಪುಕ್ಕಟೆ ಸಲಹೆ ಕೊಡುತ್ತಾರೆ. ಕಪ್ಪು ಉದ್ಯಮಿಗಳಿಗೆಂದೇ ಹುಟ್ಟಿದ ರಸೆಲ್ ಸೆಂಟರ್ ಕೂಡ ಅಟ್ಲಾಂಟಾದಲ್ಲೇ ಇದೆ. ಅಲ್ಲಿಗೆ ಒಮ್ಮೆ ಹೋಗಿ ಬರಲಿ, ತನ್ನ ಹಾಗೆಯೇ ಅಡುಗೆಮನೆಯಿಂದ ಹೊರಟವರು ಸಿಗುತ್ತಾರೆ.

ಬ್ಯಾಂಕಿನಿಂದ ಕಾರಣದ ಪತ್ರ ಬಂದ ಮೇಲೆ ಹೆಸರು, ಖಾತೆ ನಂಬರ್ ಅಳಿಸಿ ನನಗೊಂದು ಪ್ರತಿ ಕಳಿಸಿ. ಕೇಕಿನ ಲೆಕ್ಕ ಬರೆದ ಪುಸ್ತಕವೇನಾದರೂ ಇದ್ದರೆ ಅದರ ಎರಡು ಪುಟದ ಫೋಟೋ ಕೂಡ. ಇಲ್ಲವಾದರೆ ಮುಂದಿನ ಭಾನುವಾರ ಚರ್ಚಿಗೆ ಹೋಗುವ ಕೇಕಿನಿಂದಲೇ ಬರೆಯಲು ಶುರು ಮಾಡಲಿ.